ಆಮೆನ್ ಒಂದೇ ಬಾಕಿ

ಬಸವರಾಜೇಶ್ವರಿ ಸ್ಟೂಲಿನ ಮೇಲೆ ನಿಂತು ಬಚ್ಚಲುಮನೆಯ ಚೌಕಟ್ಟಿಗೆ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟುತ್ತಿದ್ದರು. ಕೆಳಗಿನ ಮನೆಯವರು; ಸಾವಿನ ಮನೆಯಲ್ಲಿ ಕೈಕಟ್ಟಿ ಕೂರುವುದು ಅವರಿಗೆ ಗೊತ್ತಿಲ್ಲ.

"ಲತಾ, ಈ ಸೀರೆ ಆಗುತ್ತಾ? ಬಂದೋರು ಬಾತ್‌ರೂಮಿಗೆ ಹೋಗ್ಬೇಕಂದ್ರೆ ಪಾಪ, ಬಾಗಿಲೇ ಇಲ್ಲ."

"ಯಾವ್ದಾದ್ರೂ ಕಟ್ಟಿ ಆಂಟಿ," ಎಂದಳು ಲತಾ.

ಕಿತ್ತ ಬಾಗಿಲು ಪಕ್ಕದ ಗೋಡೆಗೆ ಒರಗಿತ್ತು. ನಿನ್ನೆ ಬೆಳಿಗ್ಗೆ ಲತಾಳ ಗಂಡ ಪ್ರಸನ್ನ ಅದರ ಕೀಲು ಕಿತ್ತು ಅತ್ತೆಯನ್ನು ಹೊರಗೆ ತಂದಿದ್ದ. ಚಿಲಕ ಇನ್ನೂ ಹಾಕಿದ ಹಾಗೆಯೇ ಇತ್ತು.

ಹಾಲ್‌ನ ನಡುವೆ ಲತಾಳ ತಾಯಿ ಸುಜ್ಞಾನಮ್ಮ ಬಿಳಿ ಸೀರೆಯುಟ್ಟು ಪೆಟ್ಟಿಗೆಯಲ್ಲಿ ಮಲಗಿದ್ದರು. ಬದುಕಿದ್ದಾಗ ಈ ಮನೆಯಲ್ಲಿ ಅವರಿಗೆ ಇಷ್ಟು ಜಾಗ ಯಾವತ್ತೂ ಸಿಕ್ಕಿರಲಿಲ್ಲ. ಚರ್ಚಿನ ಪಾದ್ರಿ ಅಯ್ಯನವರು ಬೈಬಲ್ ಮುಚ್ಚಿ ಎಲ್ಲರ ಕಡೆ ನೋಡಿದರು.

"ಎಂಥಾ ಭಾಗ್ಯದ ಸಾವು ನೋಡಿ. ಪ್ರಾರ್ಥನೆ ಮಾಡ್ತಾ ಮಾಡ್ತಾನೇ ಹೋಗ್ಬಿಟ್ರು. ಪುಟ್ಟ ಮಗು ಅಪ್ಪನ ತೊಡೆ ಮೇಲೆ ನಿದ್ದೆ ಹೋದ ಹಾಗೆ."

"ಸ್ತೋತ್ರ," ಎಂದರು ಕೂತವರು. ಲತಾಳ ಮಗಳು ಕೃಪಾ ತಲೆಯೆತ್ತಿ ಅಮ್ಮನನ್ನೇ ನೋಡಿದಳು. ಲತಾ ಎದ್ದು ಅಡುಗೆಮನೆಗೆ ಹೋದಳು.

*

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಬೇಕೆಂದು ಸುಜ್ಞಾನಮ್ಮ ಸಂಡೇ ಸ್ಕೂಲಿನಲ್ಲಿ ಕಲಿತಿದ್ದರು. ಉಳಿದ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಮರೆತರು. ಇವರು ಹಾಗೇ ನಂಬಿಬಿಟ್ಟರು: ಚಿಲಕ ಹಾಕದೆ ಮಾಡಿದ ಪ್ರಾರ್ಥನೆ ದೇವರಿಗೆ ಸರಿಯಾಗಿ ಮುಟ್ಟುವುದಿಲ್ಲ. ಬಿನ್ನಿಪೇಟೆಯ ಒಂದೇ ಕೋಣೆಯ ಮನೆಯಲ್ಲಿ ಚಿಲಕ ಹಾಕಿಕೊಂಡು ಒಬ್ಬರೇ ಕೂರಬಹುದಾದ ಜಾಗವೆಂದರೆ ಬಚ್ಚಲು. ಬಕೆಟ್ ಬೋರಲು ಹಾಕಿ, ತಲೆಯ ಮೇಲೆ ಸೆರಗು ಹೊದ್ದು ಅಲ್ಲೇ ಕೂರುತ್ತಿದ್ದರು. ಗಂಡ ತೀರಿಕೊಂಡು ಆರ್‌ಪಿಸಿ ಲೇಔಟಿನ ಮಗಳ ಬಾಡಿಗೆ ಮನೆಗೆ ಬಂದು ಹಾಲಿನಲ್ಲಿ ಹಾಸಿಗೆ ಹಾಸಿಕೊಂಡ ಮೇಲೂ ಅದೇ ಬಕೆಟ್ಟು, ಅದೇ ಸೆರಗು.

ಕೇಳುತ್ತಿದ್ದದ್ದೂ ದೊಡ್ಡದೇನಲ್ಲ. "ಯೇಸಪ್ಪಾ, ನೆಂಟ್ರು ಹೋಗೋ ತನಕ ಗ್ಯಾಸ್ ಮುಗೀದೇ ಇರ್ಲಿ. ಲತಾಗೆ ಬಸ್ಸಲ್ಲಿ ಸೀಟು ಕೊಡ್ಸಪ್ಪಾ."

ಅವರು ಸೀಟು ಕೇಳುತ್ತಿರುವಾಗಲೇ ಲತಾ ಬಾಗಿಲು ಬಡಿಯುತ್ತಿದ್ದಳು. "ಅಮ್ಮಾ, ಮುಗೀತಾ? ಬಸ್ ಹೋಗುತ್ತೆ!"

"ಬಂದೆ ಕಣೇ, ಆಮೆನ್ ಒಂದೇ ಬಾಕಿ!"

ಒಮ್ಮೆ ಮಾತ್ರ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದು ಸುಜ್ಞಾನಮ್ಮ ಸಣ್ಣಗೆ ಗೊಣಗಿದ್ದರು. "ಒಂದಿನಾನಾದ್ರೂ ಬಾಗಿಲು ಬಡೀದೆ ಬಿಡ್ರೇ. ಅವನೂ ಏನೋ ಹೇಳೋಕೆ ಬರ್ತಾನೆ, ಅಷ್ಟರಲ್ಲಿ ನೀವು ದಬದಬ ಅಂತೀರ."

ಮನೆಯವರೆಲ್ಲ ನಕ್ಕಿದ್ದರು. ಲತಾಳೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು.

*

ಕೃಪಾ ಅಡುಗೆಮನೆಗೆ ಬಂದು ಅಮ್ಮನ ಹಿಂದೆ ನಿಂತಳು.

"ಅಯ್ಯನವರಿಗೆ ಹೇಳಲ್ವಾಮ್ಮ?"

"ಏನ್ ಹೇಳ್ಬೇಕು?"

"ನಮಗೆ ಸದ್ದು ಕೇಳಿಸ್ತಲ್ಲ."

"ಬಾಯ್ಮುಚ್ಚು ಕಣೇ," ಎಂದ ಲತಾ, ಮಗಳ ಮುಖ ನೋಡಿ ಅಳತೊಡಗಿದಳು. "ನನ್ ಕೈಲಿ ಆಗಲ್ಲ ಕಣೇ ಕೃಪಾ. ಹೇಗೆ ಹೇಳ್ಲಿ?"

*

ಲೆಂಟ್ ಶುರುವಾದ ಬುಧವಾರದ ಸಂಜೆ ಅಯ್ಯನವರು ಹೇಳಿದ್ದರು: "ಉಪವಾಸಕಾಲ ಅಂತ ಬರೀ ಮಾಂಸ ಬಿಟ್ರೆ ಸಾಲದು. ಮನೆಯವರಿಗೆ ಕೊಡೋ ಒಂದು ಕಾಟಾನೂ ಬಿಡಿ." ತಾನು ಬಿಡಬೇಕಾದ್ದು ಯಾವುದೆಂದು ಲತಾಳಿಗೆ ಅಲ್ಲೇ ಹೊಳೆಯಿತು.

ಮಾರನೆಯ ಬೆಳಿಗ್ಗೆ ಅವಳು ಬಾಗಿಲು ಬಡಿಯಲಿಲ್ಲ. ಚಪಾತಿ ಲಟ್ಟಿಸುತ್ತಾ, ಅಮ್ಮ ಎಷ್ಟು ಖುಷಿಪಡುತ್ತಾಳೋ ಎಂದು ತನ್ನಷ್ಟಕ್ಕೆ ಹಿಗ್ಗುತ್ತಿದ್ದಳು. ಒಳಗೆ ನಲ್ಲಿ ಸುರಿಯುತ್ತಿತ್ತು. ನಡುನಡುವೆ ಪ್ಲಾಸ್ಟಿಕ್ ಮಗ್ಗಿನ ಸದ್ದು, ಟಕ್, ಟಕ್.

"ಅಜ್ಜೀ..." ಎಂದು ಬಡಿಯಲು ಹೋದ ಕೃಪಾಳ ಕೈಯನ್ನು ಲತಾ ಹಿಡಿದುಕೊಂಡಳು.

"ಬೇಡ. ಅಜ್ಜಿ ಪಾಡಿಗೆ ಅಜ್ಜಿ ಪ್ರಾರ್ಥನೆ ಮಾಡ್ಲಿ. ನೀನು ಕೆಳಗೆ ಆಂಟಿ ಮನೇಲಿ ಸ್ನಾನ ಮಾಡ್ಕೊಂಡು ಕಾಲೇಜಿಗೆ ಹೋಗು."

ಸದ್ದು ಇನ್ನೊಮ್ಮೆ ಬಂತು. ಆಮೇಲೆ ನಿಂತಿತು.

ನೀರು ಹೊಸ್ತಿಲು ದಾಟಿ ಹಾಲಿಗೆ ಹರಿದಾಗಲೇ ಅವಳು ಗಂಡನನ್ನು ಕೂಗಿದ್ದು. ಸುಜ್ಞಾನಮ್ಮ ಬಕೆಟ್ಟಿನ ಹತ್ತಿರ ಇರಲಿಲ್ಲ. ತೆವಳಿಕೊಂಡು ಬಾಗಿಲ ಬುಡಕ್ಕೆ ಬಂದು ಬಿದ್ದಿದ್ದರು. ಮಗ್ಗು ಕೈಯಲ್ಲೇ ಇತ್ತು. "ಸ್ಟ್ರೋಕ್. ಸ್ವಲ್ಪ ಮುಂಚೆ ತಂದಿದ್ರೆ..." ಎಂದ ಡಾಕ್ಟರು ಲತಾಳ ಮುಖ ನೋಡಿ ಮಾತು ನಿಲ್ಲಿಸಿದರು.

ಬಾಗಿಲು ಬಡಿಯದ ಒಂದು ದಿನವನ್ನು ಅಮ್ಮ ಕೇಳಿದ್ದಳು. ಆ ದಿನ ಅವಳಿಗೆ ಸಿಕ್ಕಿತ್ತು.

*

ಸ್ಮಶಾನದಲ್ಲಿ ಪೆಟ್ಟಿಗೆಯ ಮುಚ್ಚಳ ಹಾಕುವಾಗ ಲತಾ ಚೀರಿದಳು. "ತಾಳಿ! ಒಳಗಿಂದ ಬಡಿದ್ರೆ ಯಾರಿಗೆ ಕೇಳ್ಸುತ್ತೆ?" ದುಃಖದಲ್ಲಿ ಏನೋ ಅನ್ನುತ್ತಿದ್ದಾಳೆ ಎಂದು ಹೆಂಗಸರು ಅವಳನ್ನು ತಬ್ಬಿ ಹಿಂದಕ್ಕೆ ಕರೆದೊಯ್ದರು. ಕೃಪಾ ಒಬ್ಬಳೇ ದೂರ ನಿಂತು ಅಳುತ್ತಿದ್ದಳು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು.

ಮನೆಗೆ ಬಂದವರು ಕೈಕಾಲು ತೊಳೆಯಲು ಸೀರೆಯ ಮುಂದೆ ಸಾಲಾಗಿ ನಿಂತರು. ಲತಾಳ ಸರದಿ ಬಂತು. ಅವಳು ಸೀರೆ ಸರಿಸಲಿಲ್ಲ. ಗೋಡೆಗೆ ಒರಗಿದ್ದ ಬಾಗಿಲ ಮುಂದೆ ನಿಂತು ಮೆಲ್ಲಗೆ ಬಡಿದಳು.

"ಅಮ್ಮಾ, ಮುಗೀತಾ?"

ಬಸವರಾಜೇಶ್ವರಿ ಬಂದು ಅವಳ ಭುಜ ಹಿಡಿದರು. "ಒಳಗೆ ಯಾರೂ ಇಲ್ಲ ಲತಾ. ಹೋಗಮ್ಮ, ಕಾಲು ತೊಳ್ಕೋ."

ಲತಾ ಬಾಗಿಲಿಗೆ ಕಿವಿಯಿಟ್ಟಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಎರಡೂ ಕೈಯಿಂದ ದಬದಬ ಬಡಿಯತೊಡಗಿದಳು.