ಜಾಗ ತೆರವಾದಾಗ

ಗುರುದೇವಿಯ ಮದುವೆಯಾಗಿ ಐದು ವರ್ಷವಾಗಿತ್ತು. ಗಂಡ ಶಿವರುದ್ರಪ್ಪ ಗದಗಿನ ಅನುದಾನಿತ ಶಾಲೆಯಲ್ಲಿ ಮಾಸ್ತರ. ಅವನಿಗೆ ಬೇರೆ ಊರಿಗೆ ವರ್ಗವೆಂಬುದೇ ಇರಲಿಲ್ಲ. ಅವಳಿಗೆ ಬೆಂಗಳೂರಿನ ದಂಡು ಪ್ರದೇಶದ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ತಿಂಗಳಿಗೊಂದು ಭೇಟಿ. ಭಾನುವಾರ ಸಂಜೆ ಅವನು ರೈಲಿಗೆ ಹೊರಟುಹೋದ ಮೇಲೆ, ಅವನು ಕುಡಿದಿಟ್ಟ ಚಹಾದ ಲೋಟವನ್ನು ಅವಳು ಮಾರನೆಯ ದಿನದವರೆಗೂ ತೊಳೆಯುತ್ತಿರಲಿಲ್ಲ.

ಗದಗಿನ ಶಾಖೆಗೆ ವರ್ಗ ಕೋರಿ ಬರೆದ ಮೂರು ಅರ್ಜಿಗಳಿಗೆ ಉತ್ತರವೇ ಬಂದಿರಲಿಲ್ಲ. ೧೯೯೭ರ ಬೇಸಿಗೆಯಲ್ಲಿ ನಾಲ್ಕನೆಯದನ್ನು ಬರೆದು ಮನೆಯೊಡತಿ ರಮಾಮಣಿಯವರಿಗೆ ತೋರಿಸಿದಳು. ಕುಕ್ ಟೌನಿನ ಆ ಹಳೆಯ ಮನೆಯ ಹಿಂಬದಿ ಕೋಣೆಯಲ್ಲಿ ಅವಳ ವಾಸ. ರಮಾಮಣಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು.

ನಾನು ಇಲ್ಲಿದ್ದೇನೆ. ಗಂಡ ಅಲ್ಲಿದ್ದಾರೆ. ಐದು ವರ್ಷವಾಯಿತು. ವರ್ಗ ಕೊಡಿ. ಇಂಗ್ಲಿಷಿನಲ್ಲಿ ಇಷ್ಟೇ ಇತ್ತು ಅದರಲ್ಲಿ.

"ತಪ್ಪೇನಿಲ್ಲಮ್ಮ. ಆದ್ರೆ ಒಂದು ಮಾತಿಗೂ ಇನ್ನೊಂದಕ್ಕೂ ಕೊಂಡಿನೇ ಇಲ್ವಲ್ಲ," ಎಂದರು ರಮಾಮಣಿ.

ಅಂದಿನಿಂದ ಸಂಜೆ ಹೊತ್ತು ಅಡುಗೆಮನೆಯ ಮೇಜಿನ ಮುಂದೆ ಪಾಠ. ಕನ್ನಡದಲ್ಲಿ 'ಬಂದರೆ', 'ಬಂದಾಗ', 'ಬಂದರೂ' ಎಂದು ಕ್ರಿಯಾಪದದ ಬಾಲದಲ್ಲೇ ಮುಗಿಯುವುದಕ್ಕೆ ಇಂಗ್ಲಿಷಿನಲ್ಲಿ ಇಫ್, ವೆನ್, ಆಲ್ದೋ ಎಂದು ಬೇರೆ ಪದವನ್ನೇ ಮುಂದೆ ತರಬೇಕೆಂದು ಅವರು ಬಿಡಿಸಿ ಹೇಳಿದರು. ಆಲ್ದೋ ಹಾಕಿದ ಮೇಲೆ ಬಟ್ ಬೇಡವೆಂದು ಎಷ್ಟು ಸಲ ಹೊಡೆದುಹಾಕಿದರೋ. ಅಭ್ಯಾಸದ ವಾಕ್ಯಗಳಲ್ಲೆಲ್ಲ ಶಿವರುದ್ರಪ್ಪನೇ ಬರುತ್ತಿದ್ದ: ಅವನು ಬಂದರೆ, ಅವನು ಬರುವವರೆಗೆ, ಅವನು ಬಾರದಿದ್ದರೂ. ರಮಾಮಣಿ ತಿದ್ದುತ್ತಿದ್ದರು, ಏನೂ ಕೇಳುತ್ತಿರಲಿಲ್ಲ.

ಹೊಸ ಅರ್ಜಿ ಹೋಗಿ ಆರು ವಾರಕ್ಕೆ ಉತ್ತರ ಬಂತು. ಇಂಗ್ಲಿಷಿನಲ್ಲಿ ಒಂದೇ ಸಾಲು: ಗದಗಿನಲ್ಲಿ ಜಾಗ ತೆರವಾದಾಗ ಪರಿಗಣಿಸಲಾಗುವುದು. ಪಕ್ಕದ ಮೇಜಿನ ಭಗವಂತರಾಯರು ಇಣುಕಿ ನೋಡಿ, ಎಲ್ಲರಿಗೂ ಇದೇ ಕಾಗದ ಕಳಿಸುತ್ತಾರೆ ಎಂದರು. ಗುರುದೇವಿ ಮತ್ತೊಮ್ಮೆ ಓದಿದಳು. ಅಲ್ಲಿದ್ದುದು ಇಫ್ ಅಲ್ಲ, ವೆನ್.

ಊಟದ ಬಿಡುವಿನಲ್ಲಿ ಎಸ್‌ಟಿಡಿ ಬೂತಿಗೆ ಹೋಗಿ ಗಂಡನ ಶಾಲೆಗೆ ಫೋನ್ ಹಚ್ಚಿದಳು.

"ಆದ್ರ ಅಂತ ಬರ್ದಿಲ್ರೀ, ಆದಾಗ ಅಂತ ಬರ್ದಾರ."

ಶಿವರುದ್ರಪ್ಪ ಕೇಳಿದ: "ಯಾವಾಗ ಆಕ್ಕೈತಂತ?"

"ಗೊತ್ತಿಲ್ರೀ."

"ಇರ್ಲಿ ಬಿಡು," ಎಂದ ಅವನು. "ಕಾಯೋಣು."

ಕಾಯುವುದು ಹದಿನಾಲ್ಕು ತಿಂಗಳು ನಡೆಯಿತು. ಆದೇಶ ಕೈಸೇರಿದ ವಾರವೇ ಅವಳು ಕೋಣೆ ಬಿಟ್ಟಳು. ಗದಗಿನ ನಿಲ್ದಾಣದಲ್ಲಿ ಶಿವರುದ್ರಪ್ಪ ಅವಳ ಟ್ರಂಕನ್ನು ಇಳಿಸಿಕೊಂಡು, ಇಷ್ಟು ವರ್ಷದ ರೂಢಿಯಲ್ಲಿ, ಎಷ್ಟು ದಿನ ರಜೆ ಎಂದು ಕೇಳಿಬಿಟ್ಟ. ಗುರುದೇವಿ ಅವನ ತೋಳು ಹಿಡಿದು ನಿಂತಳು.