ಏಳನೇ ತಿಂಗಳ ಕುರ್ಚಿ

ಎಲ್ಲಿಂದ ಶುರು ಮಾಡಲಿ? ಪತ್ರಿಕೆಯ ಸುದ್ದಿಯಿಂದಲೋ, ಅಕ್ಕನ ಅಡುಗೆಮನೆಯಿಂದಲೋ? ಅಡುಗೆಮನೆಯಿಂದ ಶುರು ಮಾಡಿದರೆ ನೀವು ಪುಟ ತಿರುವಿಬಿಡುತ್ತೀರಿ. ಓದುವವರನ್ನು ಮೊದಲು ಸ್ವಲ್ಪ ನಗಿಸಿ ಕೂರಿಸಿಕೊಳ್ಳೋಣ ಅಂತ ಸುದ್ದಿಯನ್ನೇ ಹಿಡಿದೆ.

ಸುದ್ದಿ ಇಷ್ಟೇ. ಲೋಕದ ಜನ ಏನು ಕೇಳಿದರೂ ಹುಡುಕಿಕೊಡುವ ಕಂಪನಿಯೊಂದು, ತನ್ನ ಕಚೇರಿಯಲ್ಲಿ ಇನ್ನು ಇಬ್ಬರಿಗೆ ಒಂದೇ ಮೇಜು ಎಂದು ಹೇಳಿದೆ. ಒಬ್ಬರಿಗೆ ಸೋಮವಾರ, ಬುಧವಾರ. ಇನ್ನೊಬ್ಬರಿಗೆ ಮಂಗಳವಾರ, ಗುರುವಾರ. ಸುದ್ದಿಯ ಬಾಲದಲ್ಲಿ ಇನ್ನೆರಡು ಸಾಲು: ಅಂಗಡಿಯವರು ಜಾಹೀರಾತು ಕಳಿಸಲು ಬಳಸುತ್ತಿದ್ದ ಹಳೆಯ ಸಾಧನವೊಂದನ್ನು ತಿಂಗಳ ಕೊನೆಗೆ ನಿಲ್ಲಿಸಲಾಗುವುದು. ಆ ಎರಡು ಸಾಲನ್ನು ನಾನು ಮೊದಲ ಸಲ ಓದಲೇ ಇಲ್ಲ.

೧ (ಬಿಟ್ಟ ಕರಡು)

ಆ ಕಚೇರಿಯಲ್ಲಿ, ಆಗಲೇ ಹೇಳಿದ ಅಕ್ಕನ ತಂಗಿ ಇದ್ದಾಳೆ. ಸೋಮವಾರದವಳು. ಮೇಜಿನ ಇನ್ನೊಬ್ಬ ಒಡತಿಯನ್ನು ಅವಳು ಕಂಡವಳೇ ಅಲ್ಲ; ಮಂಗಳವಾರದವಳು ಎಂದು ಹೆಸರಿಟ್ಟುಕೊಂಡಿದ್ದಾಳೆ. ಮಂಗಳವಾರದವಳು ಕುರ್ಚಿಯನ್ನು ತಗ್ಗಿಸಿ ಹೋಗುತ್ತಾಳೆ, ತಂಗಿ ಬಂದು ಎತ್ತರಿಸುತ್ತಾಳೆ. ಡ್ರಾಯರಿನ ನಡುವೆ ಟೇಪು ಅಂಟಿಸಿ ಗಡಿ ಮಾಡಿಕೊಂಡಿದ್ದಾರೆ. ಗಡಿ ದಾಟಿ ಬಂದ ಒಂದು ಹೇರ್‌ಕ್ಲಿಪ್ಪಿನ ವಿಚಾರವಾಗಿ ಮೂರು ವಾರದಿಂದ ಚೀಟಿಯಲ್ಲೇ ಜಗಳ.

ಚೆನ್ನಾಗಿಯೇ ಓಡುತ್ತಿತ್ತು. ನಾಲ್ಕು ಪುಟ ತುಂಬಿಸಿ, ನನ್ನ ಬೆನ್ನು ನಾನೇ ತಟ್ಟಿಕೊಳ್ಳುವ ಹೊತ್ತಿಗೆ ತಂಗಿ ಬಾಯಿಬಿಟ್ಟಳು.

"ಎಲ್ಲಾ ಸರಿ. ಆ ಬುಧವಾರ ನಾನು ಮೇಜಿನ ಕೆಳಗೆ ತಲೆ ಹಾಕ್ಕೊಂಡು ಕೂತಿದ್ನಲ್ಲ, ಅದನ್ನ ಯಾಕೆ ಬರೀಲಿಲ್ಲ?"

"ಬರೆದಿದ್ದೀನಲ್ಲಮ್ಮ. ಕ್ಲಿಪ್ ಹುಡುಕ್ತಿದ್ದೆ ಅಂತ."

"ಕ್ಲಿಪ್ ಹುಡುಕ್ತಿರಲಿಲ್ಲ," ಎಂದಳು. "ಅಳ್ತಿದ್ದೆ."

ನಾಲ್ಕು ಪುಟ ಕಸದ ಬುಟ್ಟಿಗೆ ಹೋಯಿತು.

೨

ತಂಗಿಯ ಕೆಲಸ ಹೇಳುತ್ತೇನೆ, ನನಗೆ ತಿಳಿದಷ್ಟು. (ಅವಳು ಮೂರು ಸಲ ಬಿಡಿಸಿ ಹೇಳಿದ ಮೇಲೆ ತಿಳಿದದ್ದು.) ಅಂಗಡಿಯವರಿಗೆ ಜಾಹೀರಾತು ಕಳಿಸುವುದನ್ನು ಕಲಿಸಿಕೊಡುವ ವಿಭಾಗ ಅವಳದು. ಮಕ್ಕಳ ಸಾಮಾನಿನ ಅಂಗಡಿಯೊಂದು ಬಂತು. ಅದಕ್ಕಾಗಿ ಅವಳೊಂದು ಪಟ್ಟಿ ಕಟ್ಟಿದಳು. ಬಸುರಿಯಾದವಳು ಅಂಗಡಿಯ ಪುಟ ತೆರೆದು ಹೆರಿಗೆಯ ತಿಂಗಳು ಒತ್ತಿದರೆ ಸಾಕು, ಪಟ್ಟಿಗೆ ಬಿದ್ದಳು. ಅಲ್ಲಿಂದಾಚೆ, ಹೆರಿಗೆಯಾದ ಮೇಲೂ, ಅವಳ ಫೋನಿಗೆ ತಿಂಗಳಿಗೆ ತಕ್ಕಂತೆ ಜಾಹೀರಾತು: ಮೊದಲು ತೊಟ್ಟಿಲು, ಆಮೇಲೆ ಕಾಲುಚೀಲ, ಆಮೇಲೆ ಗಿಲಕಿ. ಜೊತೆಗೆ ಒಂದೆರಡು ಅಕ್ಕರೆಯ ಮಾತು. ಮಾತುಗಳನ್ನೂ ತಂಗಿಯೇ ಬರೆದಳು.

ಎಲ್ಲ ಸರಿಯಾಗಿ ಕೂತಿದೆಯೇ ಎಂದು ನೋಡಲು ನಿಜವಾದ ಒಬ್ಬ ಬಸುರಿ ಬೇಕಿತ್ತು. ಅಕ್ಕನಿಗೆ ಆಗ ಐದನೇ ತಿಂಗಳು.

"ಒಂದ್ಸಲ ಒತ್ತು ಅಕ್ಕ. ನನ್ನ ಕೆಲಸ ಆಗುತ್ತೆ."

"ನನ್ನ ಮಗು ಹುಟ್ಟೋಕೆ ಮುಂಚೆನೇ ನಿನ್ನ ಆಫೀಸಿಗೆ ದುಡಿಯೋಕೆ ಹೊರಟಿತಲ್ಲೇ," ಎಂದು ನಗುತ್ತಲೇ ಅಕ್ಕ ಒತ್ತಿದಳು.

ಮಾರನೆಯ ದಿನವೇ ತೊಟ್ಟಿಲಿನ ಚಿತ್ರ ಬಂತು. ಇಬ್ಬರೂ ಕೈ ಕೈ ತಟ್ಟಿಕೊಂಡರು.

೪

(ಮೂರನೆಯದು ಆಸ್ಪತ್ರೆಯದು. ಎಂಟನೇ ತಿಂಗಳು; ಮಗು ಹುಟ್ಟಿತು, ಅಳಲಿಲ್ಲ. ಅದರಾಚೆ ಬರೆಯಲು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಅಲಂಕಾರವೇ ಬಂತು. ಹರಿದೆ.)

ಅಕ್ಕ ಮನೆಗೆ ಬರುವಷ್ಟರಲ್ಲಿ ಭಾವ ತೊಟ್ಟಿಲನ್ನು ಅಂಗಡಿಗೆ ವಾಪಸು ಕೊಟ್ಟಿದ್ದ, ಪುಟ್ಟ ಬಟ್ಟೆಗಳನ್ನು ಯಾರಿಗೋ ದಾಟಿಸಿದ್ದ, ಮಗುವಿಗೆಂದು ಅಣಿ ಮಾಡಿದ್ದ ಕೋಣೆಯಲ್ಲಿ ಇಸ್ತ್ರಿ ಮೇಜು ಇಟ್ಟಿದ್ದ. ಒಳ್ಳೆಯ ಮನುಷ್ಯ. ಅವಳ ಕಣ್ಣಿಗೆ ಏನೂ ಬೀಳಬಾರದೆಂದು ಮಾಡಿದ. ಮನೆಗೆ ಬಂದುಹೋಗುವವರೂ ಮಾತಿಗೆ ಬೇಲಿ ಹಾಕಿಕೊಂಡರು. ಹೇಳಲೇಬೇಕಾಗಿ ಬಂದರೆ 'ಆವಾಗ' ಎನ್ನುವರು, 'ಹಾಗಾದಾಗ' ಎನ್ನುವರು. ತಂಗಿಯೂ ಹಾಗೆಯೇ.

ಆ ಬುಧವಾರ ತಂಗಿ ಅಂಗಡಿಯ ವರದಿ ತೆಗೆದಳು. ಪಟ್ಟಿಯಲ್ಲಿ ಇಷ್ಟು ಸಾವಿರ ಅಮ್ಮಂದಿರು. ಈ ವಾರ, ಮಗುವಿಗೆ ಏಳನೇ ತಿಂಗಳು ನಡೆಯುತ್ತಿರುವವರ ಗುಂಪಿಗೆ ಮಗುವಿನ ಊಟದ ಕುರ್ಚಿ. ಏಳನೇ ತಿಂಗಳು. ಅವಳು ಬೆರಳು ಮಡಿಚಿ ಎಣಿಸಿದಳು. ಪಟ್ಟಿಯಿಂದ ಅಕ್ಕನನ್ನು ತೆಗೆದುಬಿಡೋಣವೆಂದರೆ ಅಲ್ಲಿ ಹೆಸರುಗಳೇ ಇಲ್ಲ. ಯಾರು ಯಾರೆಂದು ಕಚೇರಿಯವರಿಗೆ ಕಾಣಿಸಬಾರದೆಂಬ ನಿಯಮ. ಅಕ್ಕನ ಫೋನಿನಿಂದಲೇ ಆಗಬೇಕು, ಮೂರು ಸಲ ಒತ್ತಬೇಕು. ಏಳು ತಿಂಗಳಿಂದ ಅವಳ ಕೈಗೆ ಬರುತ್ತಿದ್ದದ್ದೆಲ್ಲ ತಂಗಿಯ ಕಣ್ಣ ಮುಂದೆ ಸಾಲಾಗಿ ನಿಂತಿತು. ಅವಳು ಮೇಜಿನ ಕೆಳಗೆ ಬಗ್ಗಿದಳು.

ಇಲ್ಲಿ ನಾನು ಬರೆದದ್ದು: ತಂಗಿ ಓಡಿ ಬಂದಳು, ಅಕ್ಕ ಫೋನನ್ನು ಗೋಡೆಗೆ ಬೀಸಿ ಒಗೆದಳು, ಇಬ್ಬರೂ ತಬ್ಬಿಕೊಂಡು ಅತ್ತರು.

ಅಕ್ಕ ನನ್ನ ಬೆನ್ನ ಹಿಂದೆಯೇ ನಿಂತು ಓದುತ್ತಿದ್ದಳೆಂದು ಕಾಣುತ್ತದೆ.

"ಇದೇನಿದು, ನಾಟಕದ ಕಂಪನಿ ಇಟ್ಟಿದ್ದೀರಾ? ಫೋನ್ ಏನ್ ಮಾಡ್ತು ಪಾಪ."

"ಹಾಗಾದ್ರೆ ಏನಾಯ್ತು, ನೀನೇ ಹೇಳು."

"ಸೊಪ್ಪು ಸೋಸ್ತಿದ್ದೆ. ಅಲ್ಲಿಂದ ಬರೀರಿ."

ಅಕ್ಕ ಸೊಪ್ಪು ಸೋಸುತ್ತಿದ್ದಳು. ತಂಗಿ ಚಪ್ಪಲಿ ಬಿಟ್ಟವಳೇ ಕೈ ಚಾಚಿದಳು.

"ಅಕ್ಕ, ಫೋನ್ ಕೊಡು. ಒಂದ್ನಿಮಿಷ."

"ಯಾಕೆ?"

"ಅದು... ಆ ಅಂಗಡಿದು ಬರ್ತಿರುತ್ತಲ್ಲ. ನಿಲ್ಲಿಸಿಬಿಡ್ತೀನಿ. ನನ್ನ ತಪ್ಪು. ಮರ್ತೇಬಿಟ್ಟಿದ್ದೆ."

ಅಕ್ಕ ಫೋನನ್ನು ಸೆರಗಿನ ಕೆಳಗೆ ಎಳೆದುಕೊಂಡಳು. ಒಂದು ದಂಟು ಮುರಿದಳು, ಇನ್ನೊಂದು ಮುರಿದಳು.

"ಕುರ್ಚಿ ಬಂತು ನಿನ್ನೆ," ಎಂದಳು. "ಕಂದ ಈಗ ಕೂರೋಕೆ ಕಲೀತಿದೆಯಾ, ಬೆನ್ನಿಗೆ ದಿಂಬು ಕೊಡಿ ಅಂತ. ನೀನೇ ಬರ್ದಿದ್ದಲ್ವಾ? ಚೆನ್ನಾಗಿ ಬರೀತೀಯ."

"ಅಕ್ಕ, ಅದು ಮಷೀನು. ಅದಕ್ಕೇನೂ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ನನಗೂ ಗೊತ್ತು. ಗೊತ್ತಿಲ್ದೇ ಇದ್ರೂ ವಾರಕ್ಕೊಂದ್ಸಲ ಕೇಳುತ್ತೆ. ನಿಮಗೆಲ್ಲಾ ಗೊತ್ತಿದೆಯಲ್ಲ, ಯಾರು ಕೇಳಿದ್ರಿ? ಈ ಮನೇಲಿ ಅವನು ಏಳು ತಿಂಗಳಿನವನು ಅಂತ ಹೇಳೋದು ಅದೊಂದೇ."

ತಂಗಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೊಪ್ಪಿಗೆ ಹಾಕಿದಳು. ಇಬ್ಬರೂ ಸೋಸಿದರು. ಕಟ್ಟು ಮುಗಿಯಿತು.

ಸುದ್ದಿಯ ಬಾಲದ ಆ ಎರಡು ಸಾಲು ಈಗ ಬರಬೇಕು. ಹಳೆಯ ಸಾಧನ ನಿಂತರೆ ಹಳೆಯ ಪಟ್ಟಿಗಳೂ ಅಳಿಸಿಹೋಗುತ್ತವೆ. ಬೇಕಾದವರು ಹೊಸದಾಗಿ ಅಂಗಡಿಯ ಪುಟಕ್ಕೆ ಬಂದು, ಒಂದು ಅರ್ಜಿ ತುಂಬಿ, ನನ್ನ ಒಪ್ಪಿಗೆ ಇದೆ ಎಂದು ಒತ್ತಬೇಕು. ಅರ್ಜಿ ಬರೆಯುವ ಕೆಲಸ ತಂಗಿಯದೇ. ಮೊದಲ ಪ್ರಶ್ನೆ: ಮಗು ಹುಟ್ಟಿದೆಯೇ? ಉತ್ತರ ಎರಡು: ಹೌದು, ಇನ್ನೂ ಇಲ್ಲ.

ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ. ತಂಗಿ ಅಕ್ಕನಿಗೆ ಫೋನಿನಲ್ಲಿ ವಿಷಯ ತಿಳಿಸಿದಳು. ಆ ಕಡೆ ನಲ್ಲಿ ತಿರುಗಿಸಿ ನಿಲ್ಲಿಸಿದ ಸದ್ದು.

"ಮತ್ತೆ ಪಟ್ಟಿಗೆ ಹಾಕು ನನ್ನ," ಎಂದಳು ಅಕ್ಕ.

ಈಗ ನನಗೊಂದು ಕೊನೆ ಬೇಕು. ಮೂರು ಮಾಡಿಟ್ಟಿದ್ದೇನೆ, ನೋಡಿ.

ಅ) ತಂಗಿ ಮೂರನೆಯ ಉತ್ತರವೊಂದನ್ನು ಸೇರಿಸುತ್ತಾಳೆ. ಏನೆಂದು ಬರೆಯುವುದು? 'ಹುಟ್ಟಿತ್ತು.' ಅಂಗಡಿಯ ಒಡತಿ ಫೋನು ಮಾಡುತ್ತಾಳೆ. "ನಿಮ್ಮ ಮನಸ್ಸು ಅರ್ಥ ಆಗುತ್ತಮ್ಮ. ಆದ್ರೆ ಖುಷಿಯಾಗಿ ಬಂದಿರೋ ಹುಡುಗಿ ಕಣ್ಣಿಗೆ ಅದು ಬೀಳೋದು ಬೇಡ." ಆ ಮಾತನ್ನು ತಳ್ಳಿಹಾಕಲು ತಂಗಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಮೂರನೆಯ ಉತ್ತರ ಹೋಯಿತು.

ಆ) ಆ ಅರ್ಜಿಯ ಕರಡು ಡ್ರಾಯರಿನಲ್ಲಿ ಉಳಿದು ಮಂಗಳವಾರದವಳ ಕೈಗೆ ಸಿಗುತ್ತದೆ. ಅವಳ ಚೀಟಿ: 'ನಾನೂ ಒಂದನ್ನು ಕಳೆದುಕೊಂಡವಳು.' ಬರೆದಾಗ ನನ್ನ ಕಣ್ಣು ಒದ್ದೆಯಾಯಿತು. ಮರುದಿನ ಬೆಳಗ್ಗೆ ಓದಿದರೆ ನಾಚಿಕೆಯಾಯಿತು. ಲೋಕದಲ್ಲಿ ಹೀಗೆಲ್ಲ ಆಗುತ್ತದೆ; ಕತೆಯಲ್ಲಿ ಆದರೆ ನೀವು ನಂಬುವುದಿಲ್ಲ. ಮಂಗಳವಾರದವಳು ಬರೆದ ಚೀಟಿಯಲ್ಲಿ ಕ್ಲಿಪ್ಪಿನ ಮಾತಷ್ಟೇ ಇರಲಿ.

ಇ) ಅಕ್ಕ ಸ್ನಾನಕ್ಕೆ ಹೋದಾಗ ತಂಗಿ ಫೋನು ತೆಗೆದು ಮೂರು ಸಲ ಒತ್ತಿ ಎಲ್ಲ ನಿಲ್ಲಿಸಿಬಿಡುತ್ತಾಳೆ. ಅಕ್ಕನ ಒಳ್ಳೆಯದಕ್ಕೇ.

ಇದನ್ನು ಓದಿ ತಂಗಿ ನನ್ನ ಮೇಲೆ ಮುನಿಸಿಕೊಂಡಳು. "ಒಳ್ಳೇದಕ್ಕೆ ಅಂತ ಎಲ್ಲರೂ ಮಾಡಿದ್ದು ಸಾಲ್ದಾ?" ಎಂದಳು. ಹೌದು. ಅಳಿಸಿದೆ.

ಇನ್ನು ನನ್ನ ಕೈಚಳಕ ಬೇಡ. ಕೊನೆಯ ಶನಿವಾರ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾರೆ. ನಾನು ಬಾಗಿಲ ಹತ್ತಿರ. ಭಾವ ಹೊರಗೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಾನೆ. ಇಷ್ಟು ಹೊತ್ತಿಗೆ ಬಿಟ್ಟು ಮುಗಿದಿರಬೇಕು, ಆದರೂ ಒಳಗೆ ಬರುತ್ತಿಲ್ಲ.

ತಂಗಿ ಅಂಗಡಿಯ ಪುಟ ತೆರೆದುಕೊಟ್ಟಳು. ಅಕ್ಕ ಕೈ ಒರೆಸಿಕೊಂಡು ಫೋನು ಹಿಡಿದಳು. ಮಗು ಹುಟ್ಟಿದೆಯೇ?

ಅಕ್ಕ ಓದಿದಳು. ಕತ್ತೆತ್ತದೆ ಕೇಳಿದಳು:

"ಹುಟ್ಟಿದ್ದಂತೂ ನಿಜ ತಾನೇ?"

ತಂಗಿ 'ಆವಾಗ' ಎನ್ನಬಹುದಿತ್ತು. ಬಾಯಿಯ ತನಕ ಬಂತು, ನನಗೆ ಕಾಣಿಸಿತು.

"ನಿಜ ಅಕ್ಕ," ಎಂದಳು. "ಹುಟ್ಟಿದ."

ಅಕ್ಕ 'ಹೌದು' ಒತ್ತಿದಳು. ಮುಂದಿನ ಸಾಲು ಬಂತು: ಮಗುವಿನ ಹೆಸರು. ಇಷ್ಟವಿದ್ದರೆ ತುಂಬಿ ಎಂದು ಕೆಳಗೆ ಸಣ್ಣಗೆ ಬರೆದಿತ್ತು. ತಂಗಿ ಗಾಬರಿಯಾಗಿ, "ಅದು ಬೇಡ, ಖಾಲಿ ಬಿಡಬಹುದು," ಎನ್ನುವಷ್ಟರಲ್ಲಿ ಅಕ್ಕನ ಬೆರಳು ಅಕ್ಷರ ಹುಡುಕತೊಡಗಿತ್ತು. ಒಂದು. ಎರಡು. ತಪ್ಪಾಯಿತೆಂದು ಒಂದನ್ನು ಅಳಿಸಿ ಮತ್ತೆ ಹಾಕಿದಳು. ಮೂರು.

ಏನೆಂದು ಬರೆದಳು? ತಂಗಿ ಓದಿದಳು. ಒಂದು ಹೆಸರು ಇದೆಯೆಂಬುದೇ ಅವಳಿಗೆ ಗೊತ್ತಿರಲಿಲ್ಲ. ನಾನು ಓದಲಿಲ್ಲ. ಕತೆ ಬರೆಯುವವಳೆಂಬ ಸಲಿಗೆಯಿಂದ ಬಗ್ಗಿ ನೋಡಬಹುದಿತ್ತು, ಮುಖ ತಿರುಗಿಸಿಕೊಂಡೆ.

ಕೆಳಗೆ ಇನ್ನೊಂದು ಗುಂಡಿ ಇದೆ, 'ಒಪ್ಪಿಗೆ ಇದೆ' ಎಂದು. ಒತ್ತಿದಳೇ ಎಂದು ಕೇಳುತ್ತೀರಿ. ಒತ್ತಿದರೆ ಐದು ತಿಂಗಳ ಮೇಲೆ ಹುಟ್ಟುಹಬ್ಬದ ಟೋಪಿ ಬರುತ್ತದೆ, ಆಮೇಲೆ ಬೂಟು, ಆಮೇಲೆ ಸ್ಲೇಟು. ಆ ಹುಡುಗ ಫೋನಿನೊಳಗೆ ಬೆಳೆಯುತ್ತಲೇ ಹೋಗುತ್ತಾನೆ. ಒತ್ತದಿದ್ದರೆ ತಿಂಗಳು ಮುಗಿದು ಬುಧವಾರದಿಂದ ಫೋನು ಸುಮ್ಮನಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿ ಅದರ ಕೆಳಗೆ 'ಮುಗಿಯಿತು' ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ.

ತಂಗಿ ಫೋನಿನ ಕಡೆ ನೋಡುತ್ತಿಲ್ಲ ಈಗ.

"ಯಾರ ಥರ ಇದ್ದ?" ಎಂದು ಕೇಳಿದಳು.

ಅಕ್ಕ ಗೋಡೆಗೆ ಒರಗಿ, ಪಕ್ಕದಲ್ಲಿದ್ದ ಬುಟ್ಟಿ ಸರಿಸಿ ಜಾಗ ಮಾಡಿದಳು.

"ಹತ್ರ ಬಾ. ಹೇಳ್ತೀನಿ."

ಹೇಳುತ್ತಿದ್ದಾಳೆ. ಹೊರಗೆ ಚೈನಿನ ಸದ್ದು ನಿಂತಿದೆ. ನಾನು ಎದ್ದು, ಬಾಗಿಲನ್ನು ಮುಂದೆ ಮಾಡಿಕೊಂಡು ಬಂದಿದ್ದೇನೆ. ಚಿಲಕ ಹಾಕಿಲ್ಲ.