ಬಸ್ಸಿಗೆ ಎತ್ತಿದ ಕೈಗಳು

ಬೀದಿಯ ಕ್ಷೌರಿಕನಿಗೆ ಇದ್ದದ್ದು ಒಂದೇ ಚಿಂತೆ, ಮಗಳ ಓದು ನಿಲ್ಲಬಾರದು. ಎರಡೂ ಕಾಲು ಸೋತ ಹುಡುಗಿ ಊರುಗೋಲಿನ ಮೇಲೆ ಬೀದಿಯ ಕೊನೆಯ ಶಾಲೆಗೆ ಹೋಗಿಬರುತ್ತಿದ್ದಳು. ಮಳೆ ಬಂತೋ, ಬಿದ್ದಳೆಂದೇ ಲೆಕ್ಕ. ಹಾಗಾಗಿ ಇಲಾಖೆಯವರು ‘ಶಾಲೆಗೆ ಏನು ಬೇಕು, ನೀವೇ ಹೇಳಿ’ ಎಂದು ಬೀದಿಯವರ ಸಭೆ ಕರೆದಾಗ ಈ ಪುಣ್ಯಾತ್ಮ ಪ್ರಚಾರಕ್ಕಿಳಿದುಬಿಟ್ಟ. ಪ್ರಚಾರವಾದರೂ ಎಂಥದ್ದು ಅಂತೀರಿ! ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿ, ಕುತ್ತಿಗೆಗೆ ಕತ್ತಿ ಇಟ್ಟು ಶುರು ಮಾಡುತ್ತಿದ್ದ.

"ಸಭೇಲಿ ಬಸ್ಸಿಗೇ ಕೈ ಎತ್ತಬೇಕು, ಆಯ್ತಾ?"

"ಆಯ್ತು ಮಾರಾಯ, ಮೊದ್ಲು ಕತ್ತಿ ತೆಗಿ!"

ಸಭೆಯಲ್ಲಿ ಇಲಾಖೆಯ ಮೇಡಂ ಗ್ರಂಥಾಲಯ, ಶೌಚಾಲಯ, ಬಸ್ಸು ಎಂದು ಬರೆದ ಹಾಳೆಗಳನ್ನು ಗೋಡೆಗೆ ಅಂಟಿಸಿ, ಒಬ್ಬರು ಒಂದಕ್ಕೆ ಮಾತ್ರ ಕೈ ಎತ್ತಬೇಕು ಎಂದರು. ಹೆಣ್ಣುಮಕ್ಕಳ ತಾಯಂದಿರಿಗೆ ಶೌಚಾಲಯವೇ ಬೇಕಿತ್ತು, ಪಾಪ. ಆದರೂ ಬಸ್ಸು ಅಂದಕೂಡಲೇ ಇಡೀ ಬೀದಿ ಕೈ ಎತ್ತಿತು. ಕ್ಷೌರಿಕ ಎದ್ದು ನಿಂತು ಎಲ್ಲರಿಗೂ ಕೈ ಮುಗಿದ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಅದರಲ್ಲಿ ಕೇಳುವುದೇನು, ಶಾಲೆಗೆ ತಾನೆ!

ರಜೆ ಮುಗಿಯುವಷ್ಟರಲ್ಲಿ ಶಾಲೆಗೆ ಬೀಗ ಬಿದ್ದಿತ್ತು. ಅದನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸಿಬಿಟ್ಟಿದ್ದರು. ಕ್ಷೌರಿಕ ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದ.

"ದೂರ ಹೋಗೋಕೆ ಒಪ್ಪಿಗೆ ಇದೆ ಅಂತಾನೇ ಅಲ್ವಾ ನೀವು ಬಸ್ ಕೇಳಿದ್ದು? ಇದು ಜನರೇ ಮಾಡಿದ ತೀರ್ಮಾನ, ನಮ್ಮದಲ್ಲ," ಎಂದರು ಮೇಡಂ ತಣ್ಣಗೆ.

ಬಸ್ಸೇನೋ ಬಂತು. ಮೆಟ್ಟಿಲು ಮೊಣಕಾಲೆತ್ತರ. ಮೊದಲ ದಿನ ಅವನೇ ಮಗಳನ್ನು ಎತ್ತಿ ಸೀಟಿನಲ್ಲಿ ಕೂರಿಸಿದ. ಜೊತೆಗೆ ಹೋಗುತ್ತೇನೆಂದರೆ ದೊಡ್ಡವರು ಹತ್ತುವ ಹಾಗಿಲ್ಲವಂತೆ. ಆ ಕಡೆ ಅವಳನ್ನು ಇಳಿಸಲು ಯಾರೂ ಇರಲಿಲ್ಲ. ಮಕ್ಕಳನ್ನು ಮುಟ್ಟುವ ಹಾಗಿಲ್ಲ, ರೂಲ್ಸು ಎಂದು ಚಾಲಕ ಚಹಾ ಕುಡಿಯಲು ಹೋದ. ಹುಡುಗಿ ಸಂಜೆಯವರೆಗೂ ಖಾಲಿ ಬಸ್ಸಿನಲ್ಲಿ ಕೂತಿದ್ದಳು. ಡಬ್ಬಿ ಬಿಚ್ಚಿರಲಿಲ್ಲ, ಲಂಗ ಒದ್ದೆಯಾಗಿತ್ತು. ಮಾರನೆಯ ದಿನ ಬಸ್ಸಿನ ಸದ್ದು ಕೇಳಿದ್ದೇ ಮುಸುಕೆಳೆದು ಮಲಗಿದಳು. ಅಲ್ಲಿಗೆ ಮುಗಿಯಿತು. ಕ್ಷೌರಿಕ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದಷ್ಟೇ ಬಂತು.

ಮೊನ್ನೆ ಬೆಳಿಗ್ಗೆ ಎದುರುಮನೆಯ ಲಾರಿ ಚಾಲಕ ಗಡ್ಡ ಬೋಳಿಸಿಕೊಳ್ಳಲು ಬಂದ. ಸಭೆಯ ಮರುದಿನ ಲಾರಿ ಹತ್ತಿದವನು ಈಗಷ್ಟೇ ಮರಳಿದ್ದ.

"ಏನಣ್ಣಾ, ನಮ್ಮ ಪುಟ್ಟಿ ಬಸ್ಸಲ್ಲಿ ಜಮ್ಮಂತ ಹೋಗ್ತಿದಾಳಾ? ಮದ್ವೆ ಇಲ್ಲ, ಮಕ್ಕಳಿಲ್ಲ, ನಾನೂ ಕೈ ಎತ್ತಿದ್ದೆ ನೋಡು ಅವಳಿಗೋಸ್ಕರ!"

ಕ್ಷೌರಿಕ ಕತ್ತಿ ಮಸೆಯತೊಡಗಿದ. ಏನೆಂದು ಹೇಳುವುದು ಇವನಿಗೆ? ಅಷ್ಟರಲ್ಲಿ ಅಂಗಡಿಯ ಪರದೆಯ ಹಿಂದೆ, ಅವರ ಮನೆಯ ಕೋಣೆಯಿಂದ ಮಗಳ ದನಿ ಬಂತು.

"ಹೂಂ ಮಾಮ! ಕಿಟಕಿ ಪಕ್ಕದ ಸೀಟೇ ನಂದು!"

ಅಪ್ಪನ ಮಾನ ಕಾಯಲು ಹೇಳಿದ ಸುಳ್ಳು. ಲಾರಿಯವನಿಗೋ ಖುಷಿಯೋ ಖುಷಿ.

"ಭೇಷ್! ಈಗ ಯಾವ ಪಾಠ ನಡೀತಿದೆಯಮ್ಮಾ?"

ಪರದೆಯ ಆಚೆಯಿಂದ ಉತ್ತರ ಬರಲಿಲ್ಲ.